ಶಿಬಿರದ ಅರ್ಜಿಯಲ್ಲಿ ಬರೆದ ಮಕ್ಕಳ ಮಾಹಿತಿಗೆ ಹೊಣೆ ಯಾರು?

ಮಾನ್ಯ ಸಂಪಾದಕರೇ,

ಬೇಸಿಗೆ ರಜೆ ಹತ್ತಿರ ಬಂದಂತೆ ಹುಬ್ಬಳ್ಳಿ-ಧಾರವಾಡದಲ್ಲಿ ಮಕ್ಕಳ ಮತ್ತು ಯುವಜನರ ಕಲಾ ಶಿಬಿರಗಳ ಕರಪತ್ರಗಳು ಮನೆಮನೆಗೆ ಬರತೊಡಗುತ್ತವೆ. ರಂಗ ತರಬೇತಿ, ಚಿತ್ರಕಲೆ, ಜನಪದ ಹಾಡು ಮತ್ತು ಕುಣಿತ, ಮುಖವಾಡ ತಯಾರಿಕೆ, ಈಚೆಗೆ ಕಿರುಚಿತ್ರ ನಿರ್ಮಾಣ ಹೀಗೆ ನಾನಾ ಬಗೆಯ ಈ ಶಿಬಿರಗಳಲ್ಲಿ ಬಹುಪಾಲನ್ನು ನಡೆಸುವವರು ಲಾಭದ ಉದ್ದೇಶವಿಲ್ಲದ ಸಣ್ಣ ಸಂಘಗಳು, ಟ್ರಸ್ಟ್‌ಗಳು ಮತ್ತು ಹವ್ಯಾಸಿ ತಂಡಗಳು. ಅವರ ಶ್ರಮದ ಬಗ್ಗೆ ನನಗೆ ಗೌರವವಿದೆ. ನನ್ನ ಇಬ್ಬರು ಮಕ್ಕಳೂ ಇಂಥ ಶಿಬಿರಗಳಲ್ಲಿ ಕಲಿತವರು. ನಾನೂ ಹವ್ಯಾಸಿ ರಂಗತಂಡವೊಂದರ ಪತ್ರವ್ಯವಹಾರ ಹಾಗೂ ಲೆಕ್ಕಪತ್ರಗಳನ್ನು ಕೆಲವು ವರ್ಷ ನೋಡಿಕೊಂಡವಳು. ಆ ಗೌರವವನ್ನು ಇಟ್ಟುಕೊಂಡೇ ಒಂದು ವಿಷಯವನ್ನು ತಮ್ಮ ಪತ್ರಿಕೆಯ ಮೂಲಕ ಸಂಘಟಕರ ಮತ್ತು ಪಾಲಕರ ಗಮನಕ್ಕೆ ತರಬಯಸುತ್ತೇನೆ. ಈ ಸಂಸ್ಥೆಗಳು ಮಕ್ಕಳಿಂದ ಎಷ್ಟು ವೈಯಕ್ತಿಕ ಮಾಹಿತಿ ಪಡೆಯುತ್ತವೆ, ಅದು ಯಾರ ಯಾರ ಕೈ ಸೇರುತ್ತದೆ, ಎಷ್ಟು ವರ್ಷ ಎಲ್ಲಿ ಉಳಿಯುತ್ತದೆ ಎಂಬುದನ್ನು ನಮ್ಮಲ್ಲಿ ಹೇಳುವವರೂ ಇಲ್ಲ, ಕೇಳುವವರೂ ಇಲ್ಲ.

ನನ್ನ ಮುಂದೆ ಇಂಥದೊಂದು ಅರ್ಜಿ ನಮೂನೆ ಇದೆ. ಹತ್ತು ದಿನಗಳ ನಾಟಕ ಶಿಬಿರಕ್ಕೆ ಸೇರಲು ಭರ್ತಿ ಮಾಡಬೇಕಾದದ್ದು. ಮಗುವಿನ ಪೂರ್ಣ ಹೆಸರು, ಹುಟ್ಟಿದ ದಿನಾಂಕ, ಶಾಲೆ, ತರಗತಿ, ಮನೆಯ ವಿಳಾಸ, ತಂದೆ-ತಾಯಿ ಇಬ್ಬರ ಮೊಬೈಲ್ ಸಂಖ್ಯೆ, ಅವರ ಉದ್ಯೋಗ, ವಾರ್ಷಿಕ ಆದಾಯ, ಜಾತಿ ಮತ್ತು ಉಪಜಾತಿ, ರಕ್ತದ ಗುಂಪು, ‘ಕಾಯಿಲೆ ಇದ್ದಲ್ಲಿ ನಮೂದಿಸಿ’ ಎಂಬ ಸಾಲು, ಆಧಾರ್ ಸಂಖ್ಯೆ, ಆಧಾರ್ ಝೆರಾಕ್ಸ್, ಎರಡು ಭಾವಚಿತ್ರ. ಕೊನೆಗೆ ಸಣ್ಣ ಅಕ್ಷರದಲ್ಲಿ, ‘ಶಿಬಿರದ ಛಾಯಾಚಿತ್ರ, ವಿಡಿಯೊ ಮತ್ತು ಮಾಹಿತಿಯನ್ನು ಸಂಸ್ಥೆಯು ಯಾವುದೇ ರೀತಿಯಲ್ಲಿ ಬಳಸಿಕೊಳ್ಳಲು ನನ್ನ ಒಪ್ಪಿಗೆ ಇದೆ’ ಎಂಬ ವಾಕ್ಯ, ಅದರ ಕೆಳಗೆ ಪಾಲಕರ ಸಹಿ. ಈ ವಾಕ್ಯಕ್ಕೆ ಸಹಿ ಮಾಡದೆ ಮಗುವನ್ನು ಸೇರಿಸುವ ದಾರಿಯೇ ಅದರಲ್ಲಿಲ್ಲ. ನಾಟಕ ಕಲಿಯಲು ಬಂದ ಹನ್ನೆರಡು ವರ್ಷದ ಹುಡುಗಿಯ ಉಪಜಾತಿ ಮತ್ತು ಮನೆಯ ಆದಾಯವನ್ನು ಕಟ್ಟಿಕೊಂಡು ನಿರ್ದೇಶಕರು ಏನು ಮಾಡುತ್ತಾರೆ ಎಂದು ಯಾರಾದರೂ ಕೇಳಬೇಕಿತ್ತು. ಹಳೆಯ ಸರ್ಕಾರಿ ನಮೂನೆಯೊಂದನ್ನು ಎತ್ತಿಕೊಂಡು ತಲೆಬರಹ ಬದಲಿಸಿದ್ದಾರೆ ಎನ್ನುವುದು ನೋಡಿದರೆ ತಿಳಿಯುತ್ತದೆ.

ಇಂಥ ಮಾಹಿತಿ ಎಲ್ಲಿಗೆ ಹೋಗುತ್ತದೆ ಎಂಬುದರ ಒಂದು ಅನುಭವ ನನ್ನ ಮನೆಯಲ್ಲೇ ಆಗಿದೆ. ಮಗಳು ಸೇರಿದ್ದ ಶಿಬಿರವೊಂದರಲ್ಲಿ, ಸಂಸ್ಥೆಯ ಹೆಸರು ಇಲ್ಲಿ ಅಗತ್ಯವಿಲ್ಲ, ಎಲ್ಲ ಮಕ್ಕಳ ಪಾಲಕರನ್ನೂ ಒಂದೇ ವಾಟ್ಸ್‌ಆ್ಯಪ್ ಗ್ರೂಪಿಗೆ ಸೇರಿಸಿದರು. ಎಂಟನೆಯ, ಒಂಬತ್ತನೆಯ ತರಗತಿಯ ಹುಡುಗಿಯರಲ್ಲಿ ಸ್ವಂತ ಮೊಬೈಲ್ ಇದ್ದವರ ಸಂಖ್ಯೆಗಳೂ ಅದರಲ್ಲೇ ಇದ್ದವು. ಯಾರು ಯಾರನ್ನು ಎಷ್ಟು ಗಂಟೆಗೆ ಕರೆದೊಯ್ಯುತ್ತಾರೆ ಎಂಬುದನ್ನು ಅದೇ ಗ್ರೂಪಿನಲ್ಲಿ ಬರೆಯಲಾಗುತ್ತಿತ್ತು. ಶಿಬಿರ ಮುಗಿದರೂ ಗ್ರೂಪ್ ಮುಗಿಯಲಿಲ್ಲ. ಮಳೆಗಾಲದ ಹೊತ್ತಿಗೆ ಟ್ಯೂಷನ್ ಕ್ಲಾಸಿನವರ ಕರೆಗಳು ಬರತೊಡಗಿದವು; ಮಗಳ ಹೆಸರು, ಶಾಲೆ, ತರಗತಿ ಎಲ್ಲವನ್ನೂ ಅವರೇ ಹೇಳುತ್ತಿದ್ದರು. ಅವಳ ಜೊತೆಗಾತಿಯೊಬ್ಬಳಿಗೆ ಗುರುತಿಲ್ಲದ ಸಂಖ್ಯೆಯಿಂದ ರಾತ್ರಿ ಹೊತ್ತು ಸಂದೇಶಗಳು ಬಂದು, ಆ ಹುಡುಗಿಯ ಮನೆಯವರು ಅವಳನ್ನು ಮುಂದೆ ಯಾವ ಶಿಬಿರಕ್ಕೂ ಕಳಿಸಲಿಲ್ಲ. ಈ ಕರೆ, ಸಂದೇಶಗಳ ಮೂಲ ಆ ಗ್ರೂಪೇ ಎಂದು ನಾನು ಸಾಧಿಸಿ ತೋರಿಸಲಾರೆ. ಆದರೆ ಸಂಚಾಲಕರನ್ನು ಕೇಳಿದಾಗ ಅವರು ಸಿಟ್ಟಾಗದೆ, ಪ್ರಾಮಾಣಿಕವಾಗಿಯೇ ಕೊಟ್ಟ ಉತ್ತರ ನನ್ನನ್ನು ಹೆಚ್ಚು ಚಿಂತೆಗೆ ಹಚ್ಚಿತು: ‘ಮೇಡಂ, ಆ ಪಟ್ಟಿ ಯಾರ ಯಾರ ಹತ್ತಿರ ಇದೆಯೋ ನಮಗೇ ಗೊತ್ತಿಲ್ಲ.’ ಅರ್ಜಿಗಳ ವಿವರವನ್ನು ತುಂಬಿದ್ದ ಗೂಗಲ್ ಶೀಟಿನ ಲಿಂಕ್ ಒತ್ತಿದರೆ ಆಗಲೂ ಅದು ಯಾವ ಪಾಸ್‌ವರ್ಡ್ ಕೇಳದೆ ತೆರೆದುಕೊಳ್ಳುತ್ತಿತ್ತು.

ಖಾಸಗಿತನದ ಮಾತು ಬಂದಾಗ ಅದು ದೊಡ್ಡ ಊರಿನವರ, ಕಂಪನಿಗಳ ವ್ಯವಹಾರ ಎಂದು ಅನೇಕರು ತಿಳಿಯುತ್ತಾರೆ. ಆದರೆ ಖಾಸಗಿತನವು ಸಂವಿಧಾನದ 21ನೆಯ ವಿಧಿಯಡಿ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿದ್ದು, ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು ಹೂಡಿದ ಪ್ರಕರಣದಲ್ಲಿ. ಆ ನಂತರ ಬಂದದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಅದರ ನಿಯಮಗಳನ್ನು ಕೇಂದ್ರ ಸರ್ಕಾರ 2025ರ ನವೆಂಬರ್‌ನಲ್ಲಿ ಅಧಿಸೂಚಿಸಿತು. ಮಾಹಿತಿ ಸಂಗ್ರಹಿಸುವವರ ಮುಖ್ಯ ಹೊಣೆಗಾರಿಕೆಗಳು ಜಾರಿಗೆ ಬರಲು 18 ತಿಂಗಳ ಕಾಲಾವಕಾಶ ಕೊಟ್ಟಿರುವುದರಿಂದ 2027ರ ಮೇ ತಿಂಗಳಿಗೆ ಅವು ಪೂರ್ತಿಯಾಗಿ ಅನ್ವಯವಾಗುತ್ತವೆ. ಮೇ ಎಂದರೆ ನಮ್ಮ ಶಿಬಿರಗಳು ನಡೆಯುವ ಕಾಲ. ಈ ಕಾಯ್ದೆ ಸೇವಾ ಸಂಸ್ಥೆ, ವ್ಯಾಪಾರಿ ಸಂಸ್ಥೆ ಎಂದು ಭೇದ ಮಾಡುವುದಿಲ್ಲ. ಯಾವ ಮಾಹಿತಿ, ಯಾತಕ್ಕಾಗಿ ಎಂದು ನಿರ್ಧರಿಸುವವರು ಯಾರೋ ಅವರೇ ಅದಕ್ಕೆ ಹೊಣೆ.

ಕಾಯ್ದೆಯ ಕೆಲವು ಮಾತುಗಳು ನಮ್ಮ ಶಿಬಿರಗಳಿಗೆಂದೇ ಬರೆದಂತಿವೆ. ಅದರ ಪ್ರಕಾರ 18 ವರ್ಷ ತುಂಬದವರೆಲ್ಲ ಮಕ್ಕಳು. ಅವರ ಮಾಹಿತಿಯನ್ನು ಬಳಸುವ ಮೊದಲು ಪಾಲಕರ ಒಪ್ಪಿಗೆ ಬೇಕು, ಮತ್ತು ಒಪ್ಪಿಗೆ ಕೊಟ್ಟವರು ನಿಜವಾಗಿ ಪಾಲಕರೇ ಎಂದು ಖಚಿತಪಡಿಸಿಕೊಳ್ಳುವಂತಿರಬೇಕು. ಒಪ್ಪಿಗೆ ಎಂಬುದು ಒತ್ತಾಯವಿಲ್ಲದ, ಷರತ್ತಿಲ್ಲದ, ನಿರ್ದಿಷ್ಟ ಉದ್ದೇಶಕ್ಕೆ ಸೀಮಿತವಾದ, ತಿಳಿದು ಕೊಟ್ಟ ಒಪ್ಪಿಗೆಯಾಗಿರಬೇಕು. ಆ ಉದ್ದೇಶಕ್ಕೆ ಬೇಡದ ಮಾಹಿತಿಗೆ ಸಹಿ ಹಾಕಿಸಿಕೊಂಡಿದ್ದರೂ ಅದು ನಿಲ್ಲುವುದಿಲ್ಲ. ಕಾಯ್ದೆಯೇ ಇದಕ್ಕೊಂದು ಉದಾಹರಣೆ ಕೊಟ್ಟಿದೆ: ದೂರವಾಣಿ ಮೂಲಕ ವೈದ್ಯಕೀಯ ಸಲಹೆ ಕೊಡುವ ಆ್ಯಪೊಂದು ಬಳಕೆದಾರರ ಮೊಬೈಲಿನಲ್ಲಿರುವ ಸಂಪರ್ಕ ಸಂಖ್ಯೆಗಳಿಗೂ ಅನುಮತಿ ಕೇಳಿ ಪಡೆದರೆ, ವೈದ್ಯಕೀಯ ಸಲಹೆಗೆ ಆ ಸಂಖ್ಯೆಗಳು ಬೇಡವಾದ್ದರಿಂದ ಒಪ್ಪಿಗೆಯು ಸಲಹೆಗೆ ಬೇಕಾದ ಮಾಹಿತಿಗೆ ಮಾತ್ರ ಅನ್ವಯಿಸುತ್ತದೆ. ಈ ಅಳತೆಯಲ್ಲಿ ‘ಯಾವುದೇ ರೀತಿಯಲ್ಲಿ ಬಳಸಿಕೊಳ್ಳಲು ಒಪ್ಪಿಗೆ’ ಎಂಬ ಸಾಲಿಗೆ ಕಾನೂನಿನ ಬೆಲೆ ಎಷ್ಟು ಎಂಬುದನ್ನು ಸಂಘಟಕರು ಯೋಚಿಸಬೇಕು. ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಾಗಲಿ ಸಂವಿಧಾನದ ಎಂಟನೆಯ ಪರಿಚ್ಛೇದದ ಯಾವುದೇ ಭಾಷೆಯಲ್ಲಾಗಲಿ ಓದುವ ಅವಕಾಶ ಇರಲೇಬೇಕು. ಅಂದರೆ ಕನ್ನಡದಲ್ಲಿ ಓದಿ ಒಪ್ಪುವುದು ನಮ್ಮ ಹಕ್ಕು. ಕೊಟ್ಟ ಒಪ್ಪಿಗೆಯನ್ನು, ಕೊಟ್ಟಷ್ಟೇ ಸುಲಭವಾಗಿ ಹಿಂದೆ ಪಡೆಯಬಹುದು. ಉದ್ದೇಶ ಮುಗಿದ ಮೇಲೆ, ಬೇರೆ ಕಾನೂನು ಇಟ್ಟುಕೊಳ್ಳಿ ಎನ್ನದ ಹೊರತು, ಮಾಹಿತಿಯನ್ನು ಅಳಿಸಬೇಕು. ಮಕ್ಕಳ ವಿಷಯದ ಹೊಣೆ ತಪ್ಪಿದರೆ 200 ಕೋಟಿ ರೂಪಾಯಿಯ ವರೆಗೆ, ಸುರಕ್ಷತೆಯ ಕ್ರಮ ಕೈಗೊಳ್ಳದಿದ್ದರೆ 250 ಕೋಟಿಯ ವರೆಗೆ ದಂಡಕ್ಕೆ ಅವಕಾಶವಿದೆ. ತಪ್ಪಿನ ಗಾತ್ರ ಮತ್ತು ದಂಡದ ಪರಿಣಾಮ ಎರಡನ್ನೂ ನೋಡಿ ಮೊತ್ತ ನಿರ್ಧರಿಸಬೇಕೆಂದು ಕಾಯ್ದೆ ಹೇಳುವುದರಿಂದ ಸಣ್ಣ ತಂಡಗಳು ಈ ಅಂಕಿಗೆ ಹೆದರಬೇಕಾಗಿಲ್ಲ.

ಇದು ಡಿಜಿಟಲ್ ಮಾಹಿತಿಯ ಕಾಯ್ದೆ, ನಮ್ಮದು ಕಾಗದದ ಅರ್ಜಿ, ನಮಗೆ ಸಂಬಂಧವಿಲ್ಲ ಎಂದು ಕೆಲವರು ಹೇಳುವುದನ್ನು ಕೇಳಿದ್ದೇನೆ. ಕಾಗದದಲ್ಲಿ ಪಡೆದದ್ದನ್ನು ಆಮೇಲೆ ಡಿಜಿಟಲ್ ರೂಪಕ್ಕೆ ತಂದರೂ ಕಾಯ್ದೆ ಅನ್ವಯಿಸುತ್ತದೆ. ಸ್ವಯಂಸೇವಕರೊಬ್ಬರು ಅರ್ಜಿಯ ಫೋಟೊ ತೆಗೆದು ವಾಟ್ಸ್‌ಆ್ಯಪಿನಲ್ಲಿ ಕಚೇರಿಗೆ ಕಳಿಸಿದರೂ ಅಷ್ಟೇ, ಹೆಸರುಗಳನ್ನು ಎಕ್ಸೆಲ್ಲಿಗೆ ಏರಿಸಿದರೂ ಅಷ್ಟೇ. ಇವೆರಡನ್ನೂ ಮಾಡದ ಶಿಬಿರ ನಮ್ಮ ಅವಳಿ ನಗರದಲ್ಲಿ ಈಗ ಇರಲಾರದು.

ಸಂಘಟಕರ ಕಷ್ಟವೂ ನನಗೆ ತಿಳಿದಿದೆ. ಧಾರವಾಡ, ಕುಂದಗೋಳ, ಗದಗಗಳ ಈ ಸೀಮೆಯಲ್ಲಿ ಗುರುಗಳು ಶಿಷ್ಯರನ್ನು ಮನೆಯಲ್ಲಿಟ್ಟುಕೊಂಡು ಕಲಿಸಿದ ಕಾಲದಲ್ಲಿ ಹುಡುಗನ ಮನೆತನ, ಬಡತನ, ಕಾಯಿಲೆ ಎಲ್ಲವೂ ಗುರುವಿಗೆ ಗೊತ್ತಿರುತ್ತಿತ್ತು, ಗುರುವಿನಲ್ಲೇ ಉಳಿಯುತ್ತಿತ್ತು. ಈಗಿನ ತಂಡಗಳು ಅನುದಾನದಿಂದ ನಡೆಯಬೇಕು. ಕಂಪನಿ ಕಾಯ್ದೆಯ 135ನೆಯ ಕಲಮಿನಡಿ ಸಾಮಾಜಿಕ ಹೊಣೆಗಾರಿಕೆಯ ಹಣ ಕೊಡುವ ಕಂಪನಿ ‘ಫಲಾನುಭವಿಗಳ ಪಟ್ಟಿ’ ಕೇಳುತ್ತದೆ. ಹೆಸರು, ವಯಸ್ಸು, ಫೋನ್ ಸಂಖ್ಯೆ, ಫೋಟೊ ಸಮೇತ. ಕೆಲವರು ಆಧಾರ್ ಸಂಖ್ಯೆಯನ್ನೂ ಕೇಳುತ್ತಾರೆ. ಹಣದ ಎರಡನೆಯ ಕಂತು ಬರಬೇಕಾದರೆ ಇಲ್ಲ ಎನ್ನಲಾಗುವುದಿಲ್ಲ. ಆದ್ದರಿಂದ ಈ ಪತ್ರದ ಒಂದು ಪಾಲು ದಾನಿಗಳಿಗೂ ಸಲ್ಲಬೇಕು. ನೂರು ಮಕ್ಕಳು ಬಂದರೋ ಇಲ್ಲವೋ ಎಂದು ತಿಳಿಯಲು ಹಾಜರಿ ಪುಸ್ತಕವನ್ನು ಶಿಬಿರಕ್ಕೇ ಬಂದು ನೋಡಬಹುದು, ಲೆಕ್ಕ ಪರಿಶೋಧಕರ ಪ್ರಮಾಣಪತ್ರ ಪಡೆಯಬಹುದು, ವಯಸ್ಸು ಮತ್ತು ತಾಲ್ಲೂಕುವಾರು ಒಟ್ಟು ಸಂಖ್ಯೆ ಕೇಳಬಹುದು. ನವಲಗುಂದದ ಹುಡುಗನ ಫೋನ್ ಸಂಖ್ಯೆ ದೂರದ ನಗರದ ಕಚೇರಿಯ ಕಂಪ್ಯೂಟರಿನಲ್ಲಿ ಇರಬೇಕಾದ ಕಾರಣ ನನಗಂತೂ ಹೊಳೆಯುತ್ತಿಲ್ಲ. ಕೆಲವು ವಿವರಗಳಿಗೆ ನಿಜವಾದ ಕಾರಣ ಇರುವುದೂ ಉಂಟು. ಪರಿಶಿಷ್ಟ ಜಾತಿ, ಪಂಗಡದ ಯುವಜನರಿಗಾಗಿ ಸರ್ಕಾರದ ವಿಶೇಷ ಯೋಜನೆಯ ಹಣದಲ್ಲಿ ತರಬೇತಿ ನಡೆಸುವಾಗ ಜಾತಿ ಪ್ರಮಾಣಪತ್ರ ನೋಡಲೇಬೇಕು. ಆ ಒಂದು ತರಬೇತಿಗೆ ಬೇಕಾದ ಅಂಕಣ ಎಲ್ಲ ಶಿಬಿರಗಳ ಅರ್ಜಿಯಲ್ಲೂ ಉಳಿದುಬಿಡುವುದು ತಪ್ಪು.

ಆಧಾರ್ ಬಗ್ಗೆಯೂ ಹೇಳಿಬಿಡುತ್ತೇನೆ. 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಶಾಲಾ ಪ್ರವೇಶಕ್ಕೇ ಆಧಾರ್ ಕಡ್ಡಾಯವಲ್ಲ ಎಂದಿದೆ. ಹೀಗಿರುವಾಗ ಬಣ್ಣ ಹಚ್ಚಿ ಕುಣಿಯಲು ಬಂದ ಮಗುವಿನಿಂದ ಅದನ್ನು ಕೇಳುವುದು ಸಲ್ಲದು. ವಯಸ್ಸು ತಿಳಿಯಲೇಬೇಕಿದ್ದರೆ ಶಾಲೆಯ ಗುರುತಿನ ಚೀಟಿಯನ್ನು ಕಣ್ಣಿನಲ್ಲಿ ನೋಡಿ ಮರಳಿಸಿದರಾಯಿತು. ಪಾಲಕರ ಗುರುತು ಖಚಿತಪಡಿಸಿಕೊಳ್ಳಬೇಕೆಂಬ ಹೊಸ ನಿಯಮವೇ ನಾಳೆ ಇನ್ನಷ್ಟು ಝೆರಾಕ್ಸ್ ರಾಶಿ ಹಾಕಲು ನೆಪವಾಗಬಾರದು. ಕೊಡಲೇಬೇಕಾದ ಸಂದರ್ಭ ಬಂದರೆ, ಮೊದಲ ಎಂಟು ಅಂಕಿ ಮರೆಮಾಡಿದ ಆಧಾರ್ ಪ್ರತಿಯನ್ನು ಪ್ರಾಧಿಕಾರದ ಜಾಲತಾಣದಿಂದಲೇ ಇಳಿಸಿಕೊಳ್ಳಬಹುದು ಎಂಬುದು ಪಾಲಕರಿಗೆ ತಿಳಿದಿರಲಿ.

ಇಲ್ಲಿಯವರೆಗೆ ಹೇಳಿದ್ದು ಯಾವ ಸಂಸ್ಥೆಗಾದರೂ ಅನ್ವಯಿಸುವ ಮಾತು. ಕಲಾ ಸಂಸ್ಥೆಗಳಿಗೇ ವಿಶೇಷವಾದ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಗಂಭೀರವಾದ ಸಂಗತಿ ಬೇರೆ ಇದೆ. ರಂಗ ತರಬೇತಿಯಲ್ಲಿ ಮಕ್ಕಳಿಂದ ಅವರವರ ಬದುಕಿನ ಕಥೆ ಹೇಳಿಸಿ, ಅದನ್ನು ಬೆಳೆಸಿ ದೃಶ್ಯ ಕಟ್ಟುವ ಪದ್ಧತಿ ಈಗ ಸಾಮಾನ್ಯವಾಗಿದೆ. ‘ನಿಮ್ಮ ಮನೆಯಲ್ಲಿ ನಡೆದ, ಯಾರಿಗೂ ಹೇಳದ ಒಂದು ಸಂಗತಿಯನ್ನು ಬರೆಯಿರಿ’ ಎಂದು ಚೀಟಿ ಕೊಡುತ್ತಾರೆ. ಮಗು ನಂಬಿ ಬರೆಯುತ್ತದೆ. ಕುಡಿದು ಬಡಿಯುವ ತಂದೆಯ ಬಗ್ಗೆ, ಸಾಲಗಾರರು ಮನೆ ಮುಂದೆ ಬಂದು ನಿಂತ ದಿನದ ಬಗ್ಗೆ, ಮುರಿದುಹೋದ ಅಕ್ಕನ ಮದುವೆಯ ಬಗ್ಗೆ ಬರೆಯುತ್ತದೆ. ಈ ಪದ್ಧತಿಯನ್ನು ನಾನು ವಿರೋಧಿಸುವುದಿಲ್ಲ. ಮನಸ್ಸಿನಲ್ಲಿ ಕಟ್ಟಿಕೊಂಡಿದ್ದು ಆಟದ ಮೂಲಕ ಹೊರಬಂದಾಗ ಮಕ್ಕಳು ಎಷ್ಟು ಹಗುರಾಗುತ್ತಾರೆ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ, ಒಳ್ಳೆಯ ನಿರ್ದೇಶಕರು ಅದನ್ನು ಎಷ್ಟು ಜೋಪಾನವಾಗಿ ನಡೆಸುತ್ತಾರೆ ಎಂಬುದನ್ನೂ ಕಂಡಿದ್ದೇನೆ. ನನ್ನ ಪ್ರಶ್ನೆ, ಆಟ ಮುಗಿದ ಮೇಲೆ ಆ ಚೀಟಿಗಳು ಎಲ್ಲಿ ಹೋದವು ಎಂಬುದು.

ಸಂಸ್ಥೆಯೊಂದರ ವಾರ್ಷಿಕ ವರದಿಯನ್ನು ಈಚೆಗೆ ನೋಡಿದೆ. ನುಣುಪು ಕಾಗದದ ಬಣ್ಣದ ಪುಟ. ಒಂದು ಬದಿಗೆ ಹುಡುಗನ ದೊಡ್ಡ ಚಿತ್ರ. ಮುಖದ ಅರ್ಧಕ್ಕೆ ಹಳದಿ ಬಣ್ಣ, ಕೈಯಲ್ಲಿ ತಮಟೆ. ಪಕ್ಕದಲ್ಲಿ ಅವನ ‘ಯಶೋಗಾಥೆ’: ತಂದೆ ಗೋವಾಕ್ಕೆ ದುಡಿಯಲು ಹೋದವರು ತಿರುಗಿ ಬಂದಿಲ್ಲ, ತಾಯಿಗೆ ಮಾನಸಿಕ ಕಾಯಿಲೆ, ಹುಡುಗ ಎರಡು ಬಾರಿ ಮನೆ ಬಿಟ್ಟು ಓಡಿಹೋಗಿದ್ದ, ನಾಟಕ ಅವನನ್ನು ಉಳಿಸಿತು. ಕೆಳಗೆ ‘ಹೆಸರು ಬದಲಿಸಲಾಗಿದೆ’ ಎಂಬ ಟಿಪ್ಪಣಿ. ಹೆಸರು ಬದಲಿಸಿದ್ದಾರೆ; ಊರಿನ ಹೆಸರು, ಶಾಲೆಯ ಹೆಸರು, ತರಗತಿ, ಚಿತ್ರ ಎಲ್ಲವೂ ಇದ್ದಂತೆಯೇ ಇವೆ. ಸಣ್ಣ ಹಳ್ಳಿಯಲ್ಲಿ ಅವನು ಯಾರೆಂದು ತಿಳಿಯಲು ಹೆಸರು ಯಾಕೆ ಬೇಕು? ತಾಯಿಯ ಕಾಯಿಲೆಯ ವಿಷಯವನ್ನು ಲೋಕಕ್ಕೆ ಹೇಳಲು ಆ ತಾಯಿಯನ್ನು ಕೇಳಿದವರು ಯಾರು? ನಾಳೆ ಈ ಹುಡುಗ ಕೆಲಸಕ್ಕೆ ಸೇರುವಾಗ, ಮದುವೆಯ ಮಾತುಕತೆ ನಡೆಯುವಾಗ ಈ ಪುಟ ಅಂತರ್ಜಾಲದಲ್ಲಿ ಹಾಗೆಯೇ ಇರುತ್ತದೆ. ಹದಿಮೂರನೆಯ ವಯಸ್ಸಿನಲ್ಲಿ ಅವನು ತನ್ನ ಕಷ್ಟ ಹೇಳಿಕೊಂಡದ್ದು ವೃತ್ತಾಕಾರದಲ್ಲಿ ಕೂತ ಗೆಳೆಯರಿಗೆ ಮತ್ತು ತಾನು ನಂಬಿದ ಸರ್‌ಗೆ. ಬರೆದವರ ಉದ್ದೇಶ ಒಳ್ಳೆಯದೇ ಇರಬಹುದು, ಹುಡುಗನ ಮೇಲೆ ಅವರಿಗೆ ಮಮತೆಯೂ ಇರಬಹುದು. ಆದರೆ ತಾಲೀಮಿನಲ್ಲಿ ಮಗು ಹೇಳಿದ್ದು ವರದಿಗೆ ಹೋಗಬಾರದು ಎಂಬ ಕಟ್ಟುನಿಟ್ಟು ಪ್ರತಿ ತಂಡದಲ್ಲೂ ಇರಲೇಬೇಕು. ಆ ಚೀಟಿಗಳನ್ನು ಶಿಬಿರದ ಕೊನೆಯ ದಿನ ಮಕ್ಕಳ ಕೈಗೇ ಮರಳಿ ಕೊಡಬೇಕು. ದೃಶ್ಯವನ್ನು ರಂಗಕ್ಕೆ ತರುವುದಾದರೆ ಕಥೆ ಯಾರದೆಂದು ಪ್ರೇಕ್ಷಕರಿಗೆ ಗೊತ್ತಾಗದ ಹಾಗೆ ಬೇರೆ ಮಗುವಿನಿಂದ ಆಡಿಸಬೇಕು. ಮಗುವಿಗೆ ಹಿಂಸೆಯಾಗುತ್ತಿರುವ ಸಂಗತಿ ಅದರಲ್ಲಿ ಹೊರಬಿದ್ದರೆ ಸುಮ್ಮನಿರಬಾರದು. ಆಗ ಅದನ್ನು ತಿಳಿಸಬೇಕಾದದ್ದು ಮಕ್ಕಳ ಸಹಾಯವಾಣಿ 1098ಕ್ಕೆ ಅಥವಾ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ.

ಬಾಲಮಂದಿರಗಳಲ್ಲಿ ಮತ್ತು ಕಾನೂನು ಮೀರಿದ ಆರೋಪವಿರುವ ಮಕ್ಕಳನ್ನು ಇರಿಸುವ ವೀಕ್ಷಣಾಲಯಗಳಲ್ಲಿ ಕಾರ್ಯಾಗಾರ ನಡೆಸುವ ತಂಡಗಳು ಇನ್ನೂ ಎಚ್ಚರವಾಗಿರಬೇಕು. ಬಾಲನ್ಯಾಯ ಕಾಯ್ದೆ, 2015ರ 74ನೆಯ ಕಲಂ ಅಂಥ ಮಕ್ಕಳ ಹೆಸರು, ವಿಳಾಸ, ಶಾಲೆ, ಚಿತ್ರ ಯಾವುದನ್ನೂ ಗುರುತು ಸಿಗುವಂತೆ ಪ್ರಕಟಿಸುವುದನ್ನು ನಿಷೇಧಿಸುತ್ತದೆ. ಮೀರಿದರೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಇದು 2027ಕ್ಕೆ ಕಾಯುವ ಕಾನೂನಲ್ಲ, ಈಗಲೇ ಜಾರಿಯಲ್ಲಿದೆ. ಅಂಗವಿಕಲ ಯುವಜನರ ವಿಷಯದಲ್ಲಿ ಇದಕ್ಕೆ ವಿರುದ್ಧವಾದ ತಪ್ಪು ನಡೆಯುತ್ತದೆ. ವೀರೇಶ್ವರ ಪುಣ್ಯಾಶ್ರಮದ ಗದಗ ಪಕ್ಕದಲ್ಲೇ ಇರುವ ನಮಗೆ ದೃಷ್ಟಿಹೀನರು ಎಂಥ ಕಲಾವಿದರಾಗಬಲ್ಲರು ಎಂದು ಬೇರೆಯವರು ಹೇಳಬೇಕಾಗಿಲ್ಲ. ಆದರೂ ಇಪ್ಪತ್ತು ವರ್ಷ ದಾಟಿದ ದೃಷ್ಟಿಹೀನ ಗಾಯಕನ ಪರವಾಗಿ ಜೊತೆಗೆ ಬಂದವರಿಂದ ಸಹಿ ಹಾಕಿಸಿಕೊಳ್ಳುವುದನ್ನು ನೋಡಿದ್ದೇನೆ. ಕಾನೂನು ಪ್ರಕಾರ ನೇಮಕವಾದ ಪೋಷಕರಿದ್ದಾಗ ಮಾತ್ರ ಅವರ ಒಪ್ಪಿಗೆ ಬೇಕು. ಇಲ್ಲವಾದರೆ ಅವನ ಒಪ್ಪಿಗೆ ಅವನದೇ. ಅರ್ಜಿಯನ್ನು ಅವನಿಗೆ ಓದಿ ಹೇಳುವಷ್ಟು ವ್ಯವಧಾನ ನಮಗಿರಬೇಕು.

ಇಷ್ಟೆಲ್ಲ ಮಾಡಲು ಸಣ್ಣ ತಂಡಗಳಿಗೆ ಕಚೇರಿ, ಸಿಬ್ಬಂದಿ ಎಲ್ಲಿಂದ ಬರಬೇಕು ಎಂಬ ಪ್ರಶ್ನೆ ಬಂದೇ ಬರುತ್ತದೆ. ಅನುಭವದಿಂದ ಹೇಳುವುದಾದರೆ, ಮಾಡಬೇಕಾದ ಕೆಲಸದಲ್ಲಿ ಹೆಚ್ಚಿನದು ಬಿಡುವ ಕೆಲಸ. ಅರ್ಜಿಯಲ್ಲಿ ಮಗುವಿನ ಹೆಸರು, ವಯಸ್ಸು, ಪಾಲಕರ ಸಂಖ್ಯೆ, ತುರ್ತಿಗೆ ಇನ್ನೊಂದು ಸಂಖ್ಯೆ, ಸಂಜೆ ಕರೆದೊಯ್ಯಲು ಬರುವವರ ಹೆಸರು, ಫಿಟ್ಸ್, ಆಸ್ತಮಾ, ಅಲರ್ಜಿಯಂಥ ತೊಂದರೆ ಇದ್ದರೆ ಅದರ ವಿವರ ಇಷ್ಟಿದ್ದರೆ ಹತ್ತು ದಿನದ ಶಿಬಿರ ಸಲೀಸಾಗಿ ನಡೆಯುತ್ತದೆ. ಕಾಯಿಲೆಯ ವಿವರ ಶಿಬಿರದ ಸ್ಥಳದಲ್ಲಿ ಒಬ್ಬ ಹೊಣೆಗಾರರ ಕೈಯಲ್ಲಿರಬೇಕು, ಏಕೆಂದರೆ ಮಗು ಕುಸಿದು ಬಿದ್ದಾಗ ಅದು ಅಲ್ಲೇ ಬೇಕು. ಗ್ರೂಪಿನಲ್ಲಿ ಅದಕ್ಕೆ ಜಾಗವಿಲ್ಲ. ವಾಟ್ಸ್‌ಆ್ಯಪಿನಲ್ಲಿ ಗ್ರೂಪಿನ ಬದಲು ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿಕೊಂಡರೆ ಒಬ್ಬರ ಸಂಖ್ಯೆ ಇನ್ನೊಬ್ಬರಿಗೆ ಕಾಣುವುದಿಲ್ಲ. ಪಾಲಕರು ಸಂಚಾಲಕರ ಸಂಖ್ಯೆಯನ್ನು ಉಳಿಸಿಕೊಂಡರೆ ಸಾಕು, ಸಂದೇಶ ಎಲ್ಲರಿಗೂ ತಲುಪುತ್ತದೆ. ಗೂಗಲ್ ಶೀಟನ್ನು ‘ಲಿಂಕ್ ಇರುವ ಯಾರಾದರೂ’ ಎಂಬುದರಿಂದ ಇಬ್ಬರು ಮೂವರ ಇಮೇಲಿಗೆ ಸೀಮಿತಗೊಳಿಸುವುದು ಒಂದೆರಡು ನಿಮಿಷದ ಕೆಲಸ. ಫೋಟೊ, ವಿಡಿಯೊಗೆ ಒಪ್ಪಿಗೆಯನ್ನು ಬೇರೆಯೇ ಸಾಲಿನಲ್ಲಿ ಕೇಳಬೇಕು. ಬೇಡ ಎಂದವರ ಮಗುವನ್ನು ಸೇರಿಸಿಕೊಳ್ಳದೆ ಇರಬಾರದು, ಸಮಾರೋಪದ ದಿನ ಅದನ್ನು ಹಿಂದಿನ ಸಾಲಿಗೆ ತಳ್ಳಲೂ ಬಾರದು. ಸ್ವಯಂಸೇವಕರು ತಂತಮ್ಮ ಮೊಬೈಲಿನಲ್ಲಿ ತೆಗೆದ ಚಿತ್ರಗಳನ್ನು ಸಂಸ್ಥೆಗೆ ಕೊಟ್ಟು ಅಳಿಸಬೇಕು. ಲೆಕ್ಕ ತಪಾಸಣೆಗೆ ಬೇಕಾದ ಹಾಜರಿ ಮತ್ತು ರಸೀದಿ ಉಳಿಯಲಿ, ಉಳಿದ ಅರ್ಜಿಗಳನ್ನು ನಿಗದಿತ ತಿಂಗಳಲ್ಲಿ ಹರಿದು ಹಾಕಲಿ. ಹರಿಯದೆ ರದ್ದಿಗೆ ಕೊಟ್ಟ ಕಾಗದ ಗಿರಮಿಟ್ ಕಟ್ಟುವ ಕೈಗಾಡಿಯವರೆಗೆ ಹೋಗುತ್ತದೆ.

ಪಾಲಕರೂ ಕೇಳಲು ಕಲಿಯಬೇಕು. ನಮ್ಮ ಮಕ್ಕಳ ಯಾವ ಯಾವ ಮಾಹಿತಿ ನಿಮ್ಮಲ್ಲಿದೆ, ಯಾರಿಗೆ ಕೊಟ್ಟಿದ್ದೀರಿ ಎಂದು ಕೇಳುವ, ತಪ್ಪಿದ್ದರೆ ತಿದ್ದಿಸುವ, ಬೇಡವೆಂದರೆ ಅಳಿಸಲು ಹೇಳುವ ಹಕ್ಕನ್ನು ಹೊಸ ಕಾಯ್ದೆ ಕೊಡುತ್ತಿದೆ. ದೂರನ್ನು ಮೊದಲು ಸಂಸ್ಥೆಗೇ ಕೊಡಬೇಕು; ಅಲ್ಲಿ ಪರಿಹಾರ ಸಿಗದಿದ್ದರೆ ಭಾರತೀಯ ದತ್ತಾಂಶ ಸಂರಕ್ಷಣಾ ಮಂಡಳಿಗೆ ಹೋಗಬಹುದು. ಮಗುವನ್ನು ಉಚಿತವಾಗಿ ಸೇರಿಸಿಕೊಂಡಿದ್ದಾರೆ, ಕೇಳಿದರೆ ಬೇಜಾರಾದಾರು ಎಂಬ ಸಂಕೋಚ ಹಳ್ಳಿಗಳಿಂದ ಬರುವ ತಾಯಂದಿರಲ್ಲಿ ಹೆಚ್ಚು. ಅವರು ಕೇಳುವ ಮೊದಲೇ ಹೇಳುವುದು ಸಂಘಟಕರಿಗೆ ಶೋಭೆ.

ಕೊನೆಯದಾಗಿ ತಮ್ಮ ಪತ್ರಿಕೆಗೂ ಒಂದು ವಿನಂತಿ. ಶಿಬಿರಗಳ ಸುದ್ದಿಗೆ ತಾವು ಕೊಡುತ್ತಿರುವ ಪ್ರೋತ್ಸಾಹ ದೊಡ್ಡದು, ಅದು ಹಾಗೆಯೇ ಮುಂದುವರಿಯಲಿ. ಮಕ್ಕಳ ಚಿತ್ರದ ಕೆಳಗೆ ಪೂರ್ಣ ಹೆಸರು, ಶಾಲೆ, ಊರು ಮೂರನ್ನೂ ಒಟ್ಟಿಗೆ ಕೊಡುವ ಬದಲು ತಂಡದ ಮತ್ತು ನಾಟಕದ ಹೆಸರು ಕೊಟ್ಟರೆ ಸಾಕಾಗುತ್ತದೆ. ಈ ಬೇಸಿಗೆಯ ಶಿಬಿರಗಳ ಪ್ರಕಟಣೆ ಕಳಿಸುವ ಸಂಘಟಕರು, ಮಕ್ಕಳ ಮಾಹಿತಿಗೆ ತಮ್ಮಲ್ಲಿ ಹೊಣೆ ಯಾರು ಎಂಬ ಒಂದು ಸಾಲನ್ನು ಸಂಪರ್ಕ ಸಂಖ್ಯೆಯ ಜೊತೆಗೆ ಸೇರಿಸಿ ಕಳಿಸಲಿ, ತಾವು ಅದನ್ನು ಬಿಡದೆ ಅಚ್ಚು ಹಾಕಬೇಕೆಂದು ಕೋರುತ್ತೇನೆ. ಮಗಳ ವಿಷಯ ಇದರಲ್ಲಿ ಬಂದಿರುವುದರಿಂದ ನನ್ನ ಹೆಸರನ್ನು ಪ್ರಕಟಿಸಬಾರದಾಗಿ ವಿನಂತಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ತಾಯಿ, ಧಾರವಾಡ